ದ್ರಾಕ್ಷಿ ವಿನೆಗರ್ ಮೇಲೆ ಬಿಳಿ ಪೊರೆ: ಮದರ್ ಕಟ್ಟುತ್ತಿದೆಯೇ, ಕೆಟ್ಟಿದೆಯೇ?

ತೋಟದಮನೆ, ಚಿಕ್ಕಬಳ್ಳಾಪುರ:
ಮಾರುಕಟ್ಟೆಗೆ ಹೋಗದೆ ಉಳಿದ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಿಪ್ಪೆಸಹಿತ ಕಿವುಚಿ, ಗಾಜಿನ ಭರಣಿಯಲ್ಲಿ ವಿನೆಗರ್‌ಗೆ ಇಟ್ಟಿದ್ದೇನೆ. ಯೀಸ್ಟ್ ಹಾಕಿದ ಮೇಲೆ ಎದ್ದ ನೊರೆ ಇಳಿದು, ಗುಳ್ಳೆಗಳೂ ನಿಂತ ನಂತರ ಬಾಯಿಗೆ ತೆಳುಬಟ್ಟೆ ಕಟ್ಟಿ ಗಾಳಿಯಾಡುವ ಕಡೆ ಇರಿಸಿದೆ. ಈಗ ಮೇಲ್ಮೈ ತುಂಬ ಬಿಳಿಯ ಪೊರೆ ಹರಡಿದ್ದು, ಅಲ್ಲಲ್ಲಿ ಸುಕ್ಕುಗಟ್ಟಿದೆ. ವಾಸನೆ ಹುಳಿಯಾಗಿದ್ದರೂ ಜೊತೆಗೆ ಉಗುರುಬಣ್ಣ ತೆಗೆಯುವ ದ್ರಾವಣದಂಥ ಘಾಟು ಬರುತ್ತಿದೆ. ಇದನ್ನು ಮುಂದುವರಿಸಬಹುದೇ?

ಹುಳಿರಸ, ತುಮಕೂರು:
ಬಣ್ಣಕ್ಕಿಂತ ಪೊರೆಯ ಮೈಯನ್ನು ನೋಡಿ. ಮದ್ಯಸಾರವನ್ನು ಹುಳಿಯಾಗಿಸುವ ಅಸಿಟೋಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಾಗಳು ಸೆಲ್ಯುಲೋಸ್‌ನಿಂದ ಕಟ್ಟುವ ಪೊರೆಯೇ ಮದರ್, ಅದು ನುಣುಪಾಗಿ, ಜಾರುವಂತೆ ಇರುತ್ತದೆ. ಬಲಿತ ಮೇಲೆ ಸ್ವಚ್ಛವಾದ ಚಮಚದಿಂದ ಎತ್ತಿದರೆ ಒಂದೇ ಹಾಳೆಯಾಗಿ ಮೇಲೆ ಬರುತ್ತದೆ. ಗಾಳಿ ಸಿಕ್ಕಲ್ಲಿ ಬೆಳೆಯುವ ಕಾಮ್ ಯೀಸ್ಟ್ ಪೊರೆ ಹೊಳಪಿಲ್ಲದೆ ಸುಕ್ಕಾಗಿದ್ದು, ಮುಟ್ಟಿದ ಕೂಡಲೇ ಪುಡಿಪುಡಿಯಾಗಿ ಚದುರುತ್ತದೆ. ಅದು ಅಪಾಯಕಾರಿಯಲ್ಲ, ರುಚಿಯನ್ನು ಮಾತ್ರ ಕೆಡಿಸುತ್ತದೆ. ಬೂಸ್ಟು ಒಣಗಿದಂತೆ ಕಾಣುತ್ತದೆ, ಹತ್ತಿಯ ಹಾಗೆ ನವಿರುಗೂದಲು ಇರುತ್ತದೆ, ಹಸಿರು, ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಅದು ಹೆಚ್ಚಾಗಿ ಹಿಡಿಯುವುದು ದ್ರವದಿಂದ ಮೇಲಕ್ಕೆ ತಲೆ ಎತ್ತಿದ ಸಿಪ್ಪೆಯ ಮೇಲೆ. ಆದ್ದರಿಂದ ಮೊದಲು ಸಿಪ್ಪೆಗಳನ್ನೇ ಬೆಳಕಿಗೆ ಹಿಡಿದು ಪರೀಕ್ಷಿಸಿ.

ಮಾವಿನತೋಪು, ಕೋಲಾರ ಜಿಲ್ಲೆ:
ಬೂಸ್ಟೇ ಆಗಿದ್ದರೂ ಮೇಲಿನದನ್ನು ತೆಗೆದು, ಸೋಸಿ, ಒಮ್ಮೆ ಕುದಿಸಿದರೆ ಸಾಲದೇ? ಅಷ್ಟು ಹಣ್ಣನ್ನು ಚೆಲ್ಲುವುದಕ್ಕೆ ಮನಸ್ಸು ಬರುವುದಿಲ್ಲ.

ಹುಳಿರಸ, ತುಮಕೂರು:
ಸಾಲದು. ಕುದಿಸಿದರೆ ಬೂಸ್ಟು ಸಾಯುತ್ತದೆ. ಆದರೆ ಕೆಲವು ಬೂಸ್ಟುಗಳು ದ್ರವಕ್ಕೆ ಬಿಟ್ಟಿರುವ ವಿಷವಸ್ತುಗಳು ಆ ಶಾಖಕ್ಕೆ ನಾಶವಾಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ನಿಲ್ಲುವುದಿಲ್ಲ. ನಿಜವಾದ ಬೂಸ್ಟು ಕಂಡರೆ ಇಡೀ ಭರಣಿಯನ್ನು ಚೆಲ್ಲಬೇಕು.

ತೋಟದಮನೆ, ಚಿಕ್ಕಬಳ್ಳಾಪುರ:
ಚಮಚ ತಾಗಿಸಿದೊಡನೆ ಪೊರೆ ಚೂರುಚೂರಾಯಿತು. ಸಿಪ್ಪೆಗಳ ಮೇಲೆ ನವಿರೂ ಇಲ್ಲ, ಬಣ್ಣದ ಚುಕ್ಕೆಯೂ ಇಲ್ಲ. ಹಾಗಾದರೆ ಘಾಟಿಗೆ ಕಾರಣವೇನು?

ಪ್ರಯೋಗಾಲಯ, ಚಿಂತಾಮಣಿ:
ಆ ಘಾಟು ಈಥೈಲ್ ಅಸಿಟೇಟಿನದು. ಮದ್ಯಸಾರವೂ ಅಸಿಟಿಕ್ ಆಮ್ಲವೂ ಒಟ್ಟಿಗಿರುವ ನಡುಹಂತದಲ್ಲಿ ಅದು ಹುಟ್ಟುತ್ತದೆ. ಗಾಳಿ ಚೆನ್ನಾಗಿ ಸಿಕ್ಕು, ಮದ್ಯಸಾರ ಕಡಿಮೆಯಾಗುತ್ತ ಬಂದಂತೆ ಸಾಮಾನ್ಯವಾಗಿ ತಗ್ಗುತ್ತದೆ. ವೈನ್ ಮಾಡುವವರಿಗೆ ಇದೇ ವಾಸನೆ ಸೋಂಕಿನ ಸೂಚನೆ, ನಿಮಗೆ ಮಾತ್ರ ಕೆಲಸ ಸಾಗುತ್ತಿರುವ ಲಕ್ಷಣ. ಪೊರೆಯನ್ನು ತೆಗೆದು, ಸಿಪ್ಪೆಗಳನ್ನು ಪೂರ್ತಿ ಸೋಸಿ, ಬಿಸಿಮಾಡದ, ಮದರ್ ಸಹಿತವಾದ ವಿನೆಗರನ್ನು ದ್ರವದ ಐದನೇ ಒಂದು ಭಾಗದಷ್ಟು ಬೆರೆಸಿರಿ. ಆಮ್ಲತೆ ಏರಿದರೆ ಕಾಮ್ ಯೀಸ್ಟಿಗೆ ಜಾಗ ಸಿಗುವುದಿಲ್ಲ. ಮದ್ಯಸಾರ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಮಂಕಾಗುವುದರಿಂದ, ಕುದಿಸಿ ಆರಿಸಿದ ನೀರು ಸೇರಿಸಿ 6 ಅಥವಾ 7ಕ್ಕೆ ಇಳಿಸಿಕೊಳ್ಳಿ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬ್ಯಾಕ್ಟೀರಿಯಾಕ್ಕೆ ಹಿತವಾದ ಉಷ್ಣಾಂಶ. ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಹಣ್ಣಿನ ನೊಣಗಳು ಈ ವಾಸನೆಗೆ ಎಲ್ಲಿಂದಲೋ ಬಂದು ಮುತ್ತುತ್ತವೆ.

ಉಪ್ಪಿನಕಾಯಿಗೆ ಬಳಸುವ ಉದ್ದೇಶವಿದ್ದರೆ ನಾಲಗೆಯನ್ನು ನಂಬಬೇಡಿ, ಪಿಎಚ್ ಪಟ್ಟಿಯನ್ನೂ ನಂಬಬೇಡಿ, ಏಕೆಂದರೆ ಆಮ್ಲದ ಒಟ್ಟು ಪ್ರಮಾಣವನ್ನು ಅದು ತೋರಿಸುವುದಿಲ್ಲ. ರಸಾಯನಶಾಸ್ತ್ರ ಬಲ್ಲ ಯಾರಿಂದಾದರೂ ಟೈಟ್ರೇಷನ್ ಮಾಡಿಸಿ: 5 ಮಿಲಿಲೀಟರ್ ವಿನೆಗರಿಗೆ ಫಿನಾಲ್ಫ್ತಲೀನ್ ಎಂಬ ಬಣ್ಣಸೂಚಕ ಹಾಕಿ, 0.5 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತಿಳಿಗುಲಾಬಿ ಬಣ್ಣ ನಿಲ್ಲುವವರೆಗೆ ಹನಿಸಿದರೆ, ಖರ್ಚಾದ ಪ್ರತಿ ಮಿಲಿಲೀಟರಿಗೆ ಶೇಕಡಾ 0.6 ಆಮ್ಲ ಎಂದು ಲೆಕ್ಕ. ದ್ರಾಕ್ಷಿಯ ಕಡುಬಣ್ಣ ಅಡ್ಡ ಬಂದರೆ ಅಳೆದಿಟ್ಟ ಆ 5 ಮಿಲಿಲೀಟರಿಗೆ ಮೊದಲೇ ಬಟ್ಟಿ ಇಳಿಸಿದ ನೀರು ಬೆರೆಸಿಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ. ಶೇಕಡಾ 5 ಮುಟ್ಟದಿದ್ದರೆ ಅದನ್ನು ಸಲಾಡಿಗೆ, ಅಡುಗೆಗೆ ಮಾತ್ರ ಇಟ್ಟುಕೊಳ್ಳಿ.