ಸಾಲಂತರ ‘ಎಕ್ಸಾಕ್ಟ್‌ಲಿ’ ಇಟ್ಟರೆ ಒತ್ತಕ್ಷರ ತುಂಡಾಗುತ್ತಿದೆ

ಪ್ರಶ್ನೆ: ವರ್ಡ್‌ನಲ್ಲಿ ನೋಟೊ ಸೆರಿಫ್ ಕನ್ನಡ ಫಾಂಟ್, 12 ಪಾಯಿಂಟ್, ಸಾಲಂತರ ‘ಎಕ್ಸಾಕ್ಟ್‌ಲಿ’ 14. ‘ಸ್ತ್ರೀ’, ‘ರಾಷ್ಟ್ರ’ ಬಂದಲ್ಲೆಲ್ಲ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತಿದೆ. ನನಗೆ ಪುಟಕ್ಕೆ ಹೆಚ್ಚು ಸಾಲು ಬೇಕು. ಸಾಲುಗಳ ನಡುವೆ ಹೆಚ್ಚು ಅಂತರ ಬಿಡಲೇಬೇಕೇ?

ಉತ್ತರ 1: ಬಿಡಲೇಬೇಕು. ‘ಎಕ್ಸಾಕ್ಟ್‌ಲಿ’ ಅಂದರೆ ಅಷ್ಟೇ ಎತ್ತರ, ಅದರಾಚೆ ಇಳಿದದ್ದು ಕಾಣುವುದಿಲ್ಲ. 14 ಇಂಗ್ಲಿಷಿಗೆ ಸಾಕು. ಒತ್ತಿನ ಮೇಲೆ ಒತ್ತು ಬರುವ ನಮ್ಮ ಲಿಪಿಗೆ ಸಾಲದು. ಸ್ಟೈಲ್ಸ್‌ನಲ್ಲಿ ‘ನಾರ್ಮಲ್’ ಮೇಲೆ ಬಲಕ್ಲಿಕ್, ಮಾಡಿಫೈ, ಫಾರ್ಮ್ಯಾಟ್, ಪ್ಯಾರಾಗ್ರಾಫ್. ಅಲ್ಲಿ ಸಾಲಂತರಕ್ಕೆ ‘ಮಲ್ಟಿಪಲ್’ 1 ಕೊಡಿ, ಅಂದರೆ ಫಾಂಟಿನ ಸಹಜ ಸಾಲೆತ್ತರದ ಒಂದು ಪಟ್ಟು. 1ಕ್ಕಿಂತ ಇಳಿಸಿದರೆ ಮತ್ತೆ ಅದೇ ಗೋಳು. ಸಾಲು ಹೆಚ್ಚಬೇಕಾದರೆ ಅಕ್ಷರ 11 ಪಾಯಿಂಟ್ ಮಾಡಿ, ಇಲ್ಲವೇ ಅಂಚು ಕಿರಿದು ಮಾಡಿ. ಅದು ನಿಮ್ಮಿಷ್ಟ, ಒತ್ತು ಮಾತ್ರ ಇಷ್ಟಾನಿಷ್ಟದ ಮಾತಲ್ಲ.

ಉತ್ತರ 2: ವರ್ಡ್ ಬದಲು ಲಿಬ್ರೆಆಫೀಸ್ ತಂತ್ರಾಂಶ ಬಳಸಿ ಅಕ್ಷರ ಕಿರಿದು ಮಾಡುವವರಿಗೆ: ಸ್ಟೈಲಿನ ಫಾಂಟ್ ಟ್ಯಾಬಿನಲ್ಲಿ ಕನ್ನಡದ ಅಳತೆ ‘ಕಾಂಪ್ಲೆಕ್ಸ್’ ವಿಭಾಗದಲ್ಲಿರುತ್ತದೆ. ‘ವೆಸ್ಟರ್ನ್’ ಮಾತ್ರ ಬದಲಿಸಿದರೆ ಕನ್ನಡ ಅಲುಗುವುದಿಲ್ಲ.

ಉತ್ತರ 3: ಇಟಾಲಿಕ್ ಗುಂಡಿಯನ್ನೂ ಬಿಡಿ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ನಿಜವಾದ ಇಟಾಲಿಕ್ ಇಲ್ಲ. ತಂತ್ರಾಂಶ ಅಕ್ಷರವನ್ನು ಸುಮ್ಮನೆ ಓರೆ ಮಾಡುತ್ತದೆ, ದುಂಡು ‘ಠ’ ವಾಲಿಬಿಡುತ್ತದೆ. ಕೃತಿಯ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಸಾಕು.

ಪ್ರಶ್ನೆ ಕೇಳಿದವರು: ‘ಮಲ್ಟಿಪಲ್’ 1, ಅಕ್ಷರ 11. ‘ಷ್ಟ್ರ’ ಪೂರ್ತಿ ಕಾಣುತ್ತಿದೆ. ಧನ್ಯವಾದಗಳು.