ರಸ್ತೆ ಎತ್ತರ, ಪೋರ್ಟಿಕೊ ತಗ್ಗು: ಮಳೆನೀರು ಒಳಗೆ ನುಗ್ಗದಂತೆ ಏನು ಮಾಡಬೇಕು?

ಹೊಂಗೆನೆರಳು:
ಬೆಂಗಳೂರು, 30×40 ಸೈಟ್, ತಾರಸಿ 900 ಚದರಡಿ, ಪೋರ್ಟಿಕೊ 200. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಈಗ ಪೋರ್ಟಿಕೊಗಿಂತ 8 ಇಂಚು ಮೇಲಿದೆ. ಜೋರು ಮಳೆಗೆ ಗೇಟಿನಿಂದ ನೀರು ನುಗ್ಗಿ ಸಂಪಿನ ಮುಚ್ಚಳದ ತನಕ ಬರುತ್ತದೆ. ತಾರಸಿ ಪೈಪನ್ನು ಯುಜಿಡಿ (ನೆಲದಡಿಯ ಒಳಚರಂಡಿ) ಚೇಂಬರಿಗೇ ಸೇರಿಸಿದ್ದಾರೆ. ಮಳೆ ಬಂದಾಗ ಕೆಳಮನೆ ಟಾಯ್ಲೆಟ್ ಗುಳುಗುಳು ಅನ್ನುತ್ತದೆ. ಪೋರ್ಟಿಕೊ ಒಂದಡಿ ಎತ್ತರಿಸಿ ಅಂತಾರೆ ಮೇಸ್ತ್ರಿ. ಒಳನೆಲ ಪೋರ್ಟಿಕೊಗಿಂತ ಒಂದೂವರೆ ಅಡಿ ಮೇಲಿದೆ. ಎತ್ತರಿಸಬಹುದಾ? ಇಲ್ಲಾ ಇಂಗುಬಾವಿ ತೋಡಿಸಿದರೆ ಸಾಕಾ?

ರಸಮಟ್ಟ:
ಮೊದಲು ತಾರಸಿ ಪೈಪನ್ನು ಯುಜಿಡಿಯಿಂದ ಬಿಡಿಸಿ. ಅದು ಕೊಳಚೆಗಷ್ಟೇ ಲೆಕ್ಕ ಹಾಕಿದ ಪೈಪು, ಮಳೆನೀರು ಬಿಡುವುದು ನಿಯಮಕ್ಕೂ ವಿರುದ್ಧ. ಹೊರಗಿನ ಮ್ಯಾನ್‌ಹೋಲ್ ತುಂಬಿದರೆ ನೀರು ಹಿಂದಕ್ಕೆ ಒತ್ತಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಟಾಯ್ಲೆಟ್‌ನಲ್ಲಿ ಮೇಲೇಳುತ್ತದೆ.

ಆಮೇಲೆ ಗೇಟಿನ ಹತ್ತಿರದ ಕೊನೇ ಚೇಂಬರಿನಲ್ಲಿ ನಾನ್-ರಿಟರ್ನ್ ವಾಲ್ವ್ (ನೀರನ್ನು ಹೊರಗೆ ಮಾತ್ರ ಬಿಟ್ಟು, ಹಿಂದಕ್ಕೆ ಬಾರದಂತೆ ಮುಚ್ಚಿಕೊಳ್ಳುವ ಕವಾಟ) ಹಾಕಿಸಿ. ಈ ಕ್ರಮ ತಪ್ಪಬಾರದು: ತಾರಸಿ ಪೈಪು ಹಾಗೇ ಇದ್ದು ವಾಲ್ವ್ ಮುಚ್ಚಿಕೊಂಡರೆ, ನಿಮ್ಮ ತಾರಸಿ ನೀರೇ ನಿಮ್ಮ ಬಚ್ಚಲಿಗೆ ಬರುತ್ತದೆ. ವಾಲ್ವಿನ ಫ್ಲ್ಯಾಪಿಗೆ (ಒಳಗಿನ ಮುಚ್ಚಳಕ್ಕೆ) ಕೂದಲು, ಬಟ್ಟೆಚೂರು ಸಿಕ್ಕಿದರೆ ಪೂರ್ತಿ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ಮಳೆ ಜೋರಿದ್ದಾಗ ವಾಷಿಂಗ್ ಮಷೀನ್ ಹಾಕಬೇಡಿ, ವಾಲ್ವ್ ಮುಚ್ಚಿದ್ದರೆ ಆ ನೀರಿಗೂ ಹೊರಗೆ ದಾರಿ ಇರುವುದಿಲ್ಲ.

ಪೋರ್ಟಿಕೊ ಎತ್ತರಿಸುವುದು ಬೇಡ. ಒಳನೆಲಕ್ಕೆ ಆರಿಂಚೇ ಉಳಿಯುತ್ತದೆ, ಇನ್ನೊಂದು ಸಲ ಡಾಂಬರು ಬಿದ್ದರೆ ಮತ್ತೆ ಇದೇ ಕಥೆ. ಬದಲಿಗೆ ಗೇಟಿನ ಗೆರೆಯ ಒಳಗೆ, ರಸ್ತೆಗಿಂತ 4 ಇಂಚು ಮೇಲೆ ಹಂಪ್ ಕಟ್ಟಿಸಿ. ಪೋರ್ಟಿಕೊಯಿಂದ ಅದು ಒಂದಡಿ, 1:8 ಇಳಿಜಾರಿಗೆ 8 ಅಡಿ ರ‍್ಯಾಂಪ್ ಬೇಕು. ನೆತ್ತಿ ಗುಂಡಗಿರಲಿ, ಚೂಪಾಗಿದ್ದರೆ ಕಾರಿನ ತಳ ಉಜ್ಜುತ್ತದೆ. ಸಂಪಿನ ಬಾಯಿಯನ್ನೂ 9 ಇಂಚು ಕಟ್ಟಿ ಮೇಲೆತ್ತಿ.

ಇಳಿಜಾರು:
ಹಂಪ್ ಕಟ್ಟಿದರೆ ಒಳಗೆ ಬಿದ್ದ ಮಳೆ ಒಳಗೇ ನಿಲ್ಲುತ್ತದೆ, ಅದಕ್ಕೂ ದಾರಿ ಮಾಡಿ. 200 ಚದರಡಿಗೆ 50 ಮಿ.ಮೀ. ಮಳೆ ಅಂದರೆ 900 ಲೀಟರಿಗೂ ಮೇಲೆ. ರ‍್ಯಾಂಪಿನ ಬುಡದಲ್ಲಿ 6 ಇಂಚು ಅಗಲ, 8 ಇಂಚು ಆಳದ ಕಾಲುವೆ, 10 ಅಡಿಗೆ ಒಂದೂಕಾಲು ಇಂಚು ವಾಟ. ಮೇಲಿನ ಗ್ರೇಟಿಂಗ್ ಎರಡೆರಡಡಿ ತುಂಡುಗಳಲ್ಲಿರಲಿ. ಹತ್ತಡಿಯ ಒಂದೇ ತುಂಡು ಮಾಡಿಸಿದರೆ ಯಾರೂ ಎತ್ತುವುದಿಲ್ಲ, ಕಾಲುವೆ ಮಣ್ಣು ತುಂಬಿ ಸತ್ತುಹೋಗುತ್ತದೆ.

ಕಾಲುವೆ ಕೊನೆಗೆ 2×2×3 ಅಡಿ ಗುಂಡಿ, ಫ್ಲೋಟ್ ಸ್ವಿಚ್ (ನೀರು ಏರಿದಾಗ ಪಂಪನ್ನು ತಾನೇ ಶುರು ಮಾಡುವ ತೇಲುಸ್ವಿಚ್) ಇರುವ ಅರ್ಧ ಎಚ್‌ಪಿ ಡ್ರೈನೇಜ್ ಪಂಪ್, ಪೈಪು ಹಂಪಿನ ಮಟ್ಟಕ್ಕಿಂತ ಮೇಲೆ ಹೋಗಿ ಮೋರಿಗೆ. ಜೋರು ಮಳೆಯಲ್ಲೇ ಕರೆಂಟ್ ಹೋಗುವುದು, ಆದ್ದರಿಂದ ಪಂಪಿನ ಲೈನ್ ಇನ್ವರ್ಟರಿಗೆ ಕೊಡಿ; ಪಂಪ್ ಶುರುವಾಗುವಾಗ ಎಳೆಯುವ ಕರೆಂಟನ್ನು ಇನ್ವರ್ಟರ್ ತಾಳಿಕೊಳ್ಳುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ.

ಬಾವಿಗಟ್ಟೆ:
ಇಂಗುಬಾವಿಗೆ ತಾರಸಿ ನೀರು ಮಾತ್ರ. ರಸ್ತೆ ನೀರಿನಲ್ಲಿ ಎಣ್ಣೆ, ಕೊಳಚೆ ಎರಡೂ ಇರುತ್ತವೆ. ಅದನ್ನು ಅಂತರ್ಜಲಕ್ಕೆ ಬಿಡಲೇಬಾರದು.

900 ಚದರಡಿ ಅಂದರೆ 84 ಚದರ ಮೀಟರ್, 50 ಮಿ.ಮೀ. ಮಳೆಗೆ 4,200 ಲೀಟರ್. 3 ಅಡಿ ಅಗಲ, 20 ಅಡಿ ಆಳದ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಸಿಮೆಂಟ್ ರಿಂಗುಗಳ ಸಂದಿಗೆ ಮೇಲಿನ ನಾಲ್ಕೈದು ಅಡಿ ಮಾತ್ರ ಗಾರೆ, ಪಾಯದ ಕಡೆ ನೀರು ಹೋಗದಿರಲಿ ಅಂತ. ಅದರ ಕೆಳಗೆ ಗಾರೆ ಬೇಡ, ರಿಂಗಿಗೂ ಮಣ್ಣಿಗೂ ನಡುವೆ 40 ಎಂಎಂ ಜಲ್ಲಿ. ತಳ ತೆರೆದಿರಲಿ. ಆದರೆ ಬಾವಿಯೊಳಗೆ ಜಲ್ಲಿಯನ್ನಾಗಲಿ ಮರಳನ್ನಾಗಲಿ ತುಂಬಿಸಬೇಡಿ: ನೀರಿಗಿರುವ ಜಾಗ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ, ಕೆಸರು ತೆಗೆಯಲೂ ಆಗುವುದಿಲ್ಲ. ನೀರು ಬಾವಿಗೆ ಬೀಳುವ ಮುನ್ನ ಮಣ್ಣು ತಂಗಲು ಒಂದು ಚೇಂಬರ್ ಇರಲಿ. ಬಾವಿಗೆ ಭದ್ರವಾದ ಮುಚ್ಚಳ ಕಡ್ಡಾಯ.

ಹೊಂಗೆನೆರಳು:
ನಮ್ಮ ಲೇಔಟ್ ಹಳೇ ಕೆರೆ ಪಕ್ಕ. ಎದುರು ಸೈಟಿನ ಪಾಯ ತೋಡಿದಾಗ 9 ಅಡಿಗೇ ನೀರು ಬಂತು.

ಬಾವಿಗಟ್ಟೆ:
ಹಾಗಾದರೆ ತೋಡಿಸಬೇಡಿ. ಅಲ್ಲಿ ಬಾವಿ ಆಗಲೇ ತುಂಬಿರುತ್ತದೆ, ನೀರು ಇಂಗುವುದೆಲ್ಲಿಗೆ? ತಾರಸಿ ನೀರನ್ನು ಫಿಲ್ಟರ್ ಮೂಲಕ ಸಂಪಿಗೆ ತನ್ನಿ. ಮೊದಲ ಮಳೆಯ ಧೂಳುನೀರಿಗೆ ಪ್ರತಿ ಪೈಪಿನಲ್ಲೂ ಕವಲು ಕೊಟ್ಟು 10 ಅಡಿ 110 ಎಂಎಂ ಪೈಪು ಇಳಿಬಿಡಿ, 25 ಲೀಟರಿನಷ್ಟು ಹಿಡಿಯುತ್ತದೆ. ತುದಿಯ ಮುಚ್ಚಳದಲ್ಲಿ ಸಣ್ಣ ತೂತಿದ್ದರೆ ತಾನೇ ಖಾಲಿಯಾಗುತ್ತದೆ. ತಾರಸಿ ಬಾಯಿಗೆ ಗುಮ್ಮಟದಂಥ ಜಾಲರಿ ಹಾಕಿ, ಚಪ್ಪಟೆ ಜಾಲರಿಯನ್ನು ನಾಲ್ಕು ಹೊಂಗೆ ಎಲೆ ಮುಚ್ಚಿಬಿಡುತ್ತವೆ.

ರಸಮಟ್ಟ:
ಸಂಪು ತುಂಬಿದ ಮೇಲಿನ ನೀರನ್ನು ಇಳಿಜಾರು ಅವರು ಹೇಳಿದ ಗುಂಡಿಗೆ ಬಿಡಬೇಡಿ, ಪಂಪಿಗೆ ಹೊರೆ. ತಾರಸಿ ಪೈಪಿನಲ್ಲೇ, ಹಂಪಿಗಿಂತ ಮೇಲೆ, ಕವಲು ಕೊಟ್ಟು ನೇರ ಮೋರಿಗೆ ಬಿಡಿ. ಮಳೆ ಬರುವಾಗ ಮೋರಿಯಲ್ಲಿ ನೀರು ಎಲ್ಲಿಯ ತನಕ ಏರುತ್ತದೆ ಗುರುತು ಹಾಕಿಕೊಂಡು, ಪೋರ್ಟಿಕೊ ಮಟ್ಟದ ಜೊತೆ ಟ್ಯೂಬ್ ಲೆವೆಲ್‌ನಲ್ಲಿ (ಮೇಸ್ತ್ರಿಗಳು ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪಿನಲ್ಲಿ) ಅಳೆದು ಇಲ್ಲಿ ಹಾಕಿ. ಕಾಲುವೆ ತಳಕ್ಕಿಂತ ಆ ಗುರುತು ಕೆಳಗಿದ್ದರೆ ಪಂಪೇ ಬೇಕಾಗುವುದಿಲ್ಲ.