ಗಣಪತಿ ಚಂದಾ ಉಳಿದಿದೆ: ಬಲ್ಬು ಕೊಡಿಸೋಣವೋ, ಸೋಲಾರ್ ದೀಪವೋ?

ಜಗಳೂರು ಜೋಳ: ನಮ್ಮದು ಜಗಳೂರು ತಾಲ್ಲೂಕಿನ ಚಿಕ್ಕ ಹಟ್ಟಿ. ಗಣಪತಿ ಚಂದಾದಲ್ಲಿ 18 ಸಾವಿರ ರೂಪಾಯಿ ಉಳಿದಿದೆ. ಮೂವತ್ತು ಮನೆಗಳಲ್ಲಿ ಇನ್ನೂ 60 ವಾಟಿನ ಗಾಜಿನ ಬಲ್ಬೇ ಉರಿಯುತ್ತಿದೆ. ಸಂಘದಲ್ಲಿ ಎರಡು ಬಣ: ಎಲ್ಲ ಮನೆಗೂ ಎಲ್‌ಇಡಿ ಕೊಡಿಸೋಣ ಎನ್ನುವವರು ಕೆಲವರು, ಹೊಲದಲ್ಲಿ ಗುಡಿಸಲು ಹಾಕಿಕೊಂಡಿರುವ ಹತ್ತು ಕುಟುಂಬಕ್ಕೆ ಸೋಲಾರ್ ದೀಪ ಕೊಡಿಸೋಣ ಎನ್ನುವವರು ಉಳಿದವರು. ತಿಳಿದವರು ಹೇಳಿ.

ನಿವೃತ್ತ ಲೈನ್‌ಮನ್: ಇದರಲ್ಲಿ ಯೋಚಿಸುವುದೇನಿದೆ? 60 ವಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿಗೆ 1.35 ಯೂನಿಟ್. 2021ರಲ್ಲಿ ಗ್ರಾಮ ಉಜಾಲಾ ಯೋಜನೆಯಡಿ ಹಳೆಯ ಬಲ್ಬು ಕೊಟ್ಟವರಿಗೆ ಹತ್ತೇ ರೂಪಾಯಿಗೆ 7 ಮತ್ತು 12 ವಾಟಿನ ಎಲ್‌ಇಡಿ ಕೊಟ್ಟಿದ್ದು ಸುಮ್ಮನೆ ಅಲ್ಲ. ಉಳಿತಾಯ ಕಣ್ಣಿಗೆ ಕಾಣುತ್ತದೆ.

ಕೋಟೆ ಕಲ್ಲು: "ಉಳಿತಾಯ" ಯಾರಿಗೆ ಸ್ವಾಮಿ? 2023ರ ಆಗಸ್ಟಿನಿಂದ ಗೃಹಜ್ಯೋತಿ ಇದೆ, ಬಿಲ್ಲು ಸೊನ್ನೆ. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ತಿರುಗುತ್ತಿವೆ, ಕೆಳಗಿನ ಹಳ್ಳಿಯಲ್ಲಿ ಸಂಜೆ ಕರೆಂಟು ಹೋಗುತ್ತದೆ. ಆಗ ನಿಮ್ಮ 9 ವಾಟು ಸೂರಿಗೆ ತೂಗುಹಾಕಿದ ಸೋರೆಬುರುಡೆ. ಸೆಲ್ಕೋದವರು 1995ರಿಂದ ಹಳ್ಳಿಗಳಿಗೆ ಸೋಲಾರ್ ಕೊಡುತ್ತಿದ್ದಾರೆ, ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಲ್ಬು ಹಂಚಿದವರಿಗೆ ಯಾರಿಗೆ ಬಂದಿದೆ?

ನಿವೃತ್ತ ಲೈನ್‌ಮನ್: "ಬಿಲ್ಲು ಸೊನ್ನೆ" ಎನ್ನುವವರು ನಿಯಮ ಓದಿಲ್ಲ. ಹಿಂದಿನ ಬಳಕೆಯ ಸರಾಸರಿ ನೋಡಿ ಮನೆಮನೆಗೂ ಮಿತಿ ಕಟ್ಟಿದ್ದಾರೆ. ಮಿತಿ ಮೀರಿದ ಯೂನಿಟ್ಟಿಗೆ ದುಡ್ಡು ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್ಲು.

ಮಗ್ಗದ ಮನೆ: ಮೊಳಕಾಲ್ಮೂರಿನವಳು ನಾನು. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗವಿದೆ. ಗಾಜಿನ ಬಲ್ಬಿನ ಹಳದಿ ಬೆಳಕಿನಲ್ಲಿ ಕಡುನೀಲಿ ಎಳೆಯೂ ಕಪ್ಪು ಎಳೆಯೂ ಒಂದೇ ಆಗಿ ಕಾಣುತ್ತಿದ್ದವು. ನಮ್ಮ ಅತ್ತೆ ಎಳೆ ಹಿಡಿದು ಬಾಗಿಲಿಗೆ ಹೋಗಿ, ಬಿಸಿಲಿಗೆ ಒಡ್ಡಿ ನೋಡಿ ಬರುತ್ತಿದ್ದರು. ಬಿಳಿ ಎಲ್‌ಇಡಿ ಬಂದ ಮೇಲೆ ಆ ಓಡಾಟ ನಿಂತಿತು. ಸೂರಿನಲ್ಲಿದ್ದ ದೀಪವನ್ನು ಮಗ್ಗದ ಮೇಲಕ್ಕೆ ಇಳಿಸಿ ಕಟ್ಟಿದೆವು, 5 ವಾಟ್ ಸಾಕಾಯಿತು. ಕೋಟೆಯ ಅಣ್ಣನವರಿಗೆ ಒಂದು ಮಾತು: ಸೆಲ್ಕೋದವರು ದೀಪ ಹಂಚಿ ಮನೆಗೆ ಹೋಗಲಿಲ್ಲ. ಬ್ಯಾಂಕಿನಿಂದ ಸಾಲ ಕೊಡಿಸಿದರು, ಕೆಟ್ಟರೆ ರಿಪೇರಿಗೆ ಬಂದರು. ಹಟ್ಟಿಯ ಸೋಲಾರ್ ದೀಪದ ಬ್ಯಾಟರಿ ನಾಲ್ಕನೇ ವರ್ಷ ಹೋದರೆ ಯಾರು ಹಾಕಿಸುತ್ತಾರೆ?

ಬೆಣ್ಣೆ ದೋಸೆ 17: "5 ವಾಟ್ ಸಾಕಾಯಿತು" ಎನ್ನುವುದೂ ಒಂದು ಸಾಧನೆಯೇ ಅಕ್ಕ? ದಾವಣಗೆರೆಯ ನಮ್ಮ ಮನೆಯ ದೇವರ ಕೋಣೆಯಲ್ಲಿ ತಂದೆಯ ಕಾಲದಿಂದ ಝೀರೋ ಬಲ್ಬು ರಾತ್ರಿಯೆಲ್ಲ ಉರಿಯುತ್ತದೆ. ಒಂದು ಪೈಸೆಯ ಕರೆಂಟಿಲ್ಲ. ಹಟ್ಟಿಗೆ ಅದನ್ನೇ ಕೊಡಿಸಿ.

ನಿವೃತ್ತ ಲೈನ್‌ಮನ್: ಅಯ್ಯಾ, ಝೀರೋ ಬಲ್ಬು 15 ವಾಟು ಎಳೆಯುತ್ತದೆ! ಹಳೆಯ ಚಕ್ರದ ಮೀಟರು ಅಷ್ಟು ಸಣ್ಣ ಲೋಡಿಗೆ ಅಲುಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. ದಿನಕ್ಕೆ ಹನ್ನೆರಡು ಗಂಟೆ ಉರಿದರೆ ತಿಂಗಳಿಗೆ 5.4 ಯೂನಿಟ್. ನಾಲ್ಕು ಎಲ್‌ಇಡಿ ಸಂಜೆಯೆಲ್ಲ ಉರಿಯುವಷ್ಟನ್ನು ನಿಮ್ಮ ದೇವರೊಬ್ಬನೇ ತಿನ್ನುತ್ತಿದ್ದಾನೆ.

ಬೆಣ್ಣೆ ದೋಸೆ 17: "ನಿಮ್ಮ ದೇವರು" ಎಂದರೇನು? ಬಲ್ಬಿನ ಮಾತಿಗೆ ದೇವರನ್ನು ಏಕೆ ಎಳೆಯುತ್ತೀರಿ? ಝೀರೋ ಎಂದರೆ ಝೀರೋ. ಅಂಗಡಿಯವನೂ ಹಾಗೆಯೇ ಕರೆಯುತ್ತಾನೆ.

ನಿವೃತ್ತ ಲೈನ್‌ಮನ್: ಝೀರೋ ಆದರೆ ಬಿಸಿ ಎಲ್ಲಿಂದ ಬಂತು? ಬೆಳಗಿನ ಜಾವ ಒಮ್ಮೆ ಬರಿಗೈಯಲ್ಲಿ ಮುಟ್ಟಿ ನೋಡಿ.

ಕೋಟೆ ಕಲ್ಲು: "ಮೀಟರು ಅಲುಗುತ್ತಿರಲಿಲ್ಲ" ಎಂದು ಇವರ ಬಾಯಿಂದಲೇ ಬಂತು ನೋಡಿ. ಹೊಸ ಮೀಟರು ತಂದದ್ದು ಬಡವನ ಝೀರೋ ಬಲ್ಬಿಗೂ ಕೈಹಾಕಲು!

ನಿವೃತ್ತ ಲೈನ್‌ಮನ್: ಜಗಳ ಬೇಡ. ಎಲ್ಲ ಸ್ವಿಚ್ಚು ಆರಿಸಿ, ಫ್ರಿಜ್ಜನ್ನೂ ಸೇರಿಸಿ. ಝೀರೋ ಬಲ್ಬೊಂದನ್ನೇ ಬಿಟ್ಟು ಮೀಟರಿನ ಕೆಂಪು ಚುಕ್ಕೆ ಎಷ್ಟು ಬಾರಿ ಮಿಣುಕುತ್ತದೆ ಎಣಿಸಿ. ಮೀಟರಿನ ಮೇಲೆ 3200 ಎಂದಿದ್ದರೆ ಯೂನಿಟ್ಟಿಗೆ 3200 ಮಿಣುಕು. 15 ವಾಟಿಗೆ ಗಂಟೆಗೆ 48 ಬರಬೇಕು.

ಜಗಳೂರು ಜೋಳ: ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ಸಂತೆಯಲ್ಲಿ ಹೆಸರಿಲ್ಲದ ಆರು ಎಲ್‌ಇಡಿ ತಂದು ನೋಡಿದೆವು. ಎರಡು ತಿಂಗಳಲ್ಲಿ ನಾಲ್ಕು ಸುಟ್ಟುಹೋದವು.

ನಿವೃತ್ತ ಲೈನ್‌ಮನ್: ಸುಟ್ಟಿದ್ದು ಎಲ್‌ಇಡಿ ಅಲ್ಲದಿರಬಹುದು. ಕತ್ತಿನೊಳಗೆ ಪುಟ್ಟ ಡ್ರೈವರ್ ಸರ್ಕ್ಯೂಟ್ ಇರುತ್ತದೆ. ಅಗ್ಗದ ಮಾಲಿನಲ್ಲಿ ಅದು ವೋಲ್ಟೇಜ್ ಏರಿಳಿತ ತಡೆಯುವುದಿಲ್ಲ. ರಾತ್ರಿ ಪಂಪ್‌ಸೆಟ್ಟುಗಳು ನಿಂತೊಡನೆ ವೋಲ್ಟೇಜ್ ಏರುತ್ತದೆ. ಸರ್ಕಾರದ ಗುಣಮಟ್ಟದ ಬಿಐಎಸ್ ಗುರುತು ನೋಡಿ, ಗ್ಯಾರಂಟಿ ಬರೆಸಿ ತನ್ನಿ.

ಕೋಟೆ ಕಲ್ಲು: "ವೋಲ್ಟೇಜ್ ಏರುತ್ತದೆ" ಅಂತೆ. ಸೂರ್ಯನ ವೋಲ್ಟೇಜ್ ಏರುತ್ತದೆಯೇ?

ಮಗ್ಗದ ಮನೆ: ಬ್ಯಾಟರಿಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ಬೆಣ್ಣೆ ದೋಸೆ 17: ಒಂದು ಗಂಟೆ ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು ಎಣಿಸಿದೆ. ಮನೆಯವರು ನಕ್ಕರು, ನಗಲಿ. ನಲವತ್ತೇಳು ಬಂತು. ನಲವತ್ತೆಂಟಲ್ಲ! ಲೈನ್‌ಮನ್ ಸಾಹೇಬರ ಲೆಕ್ಕ ಸುಳ್ಳು ಎಂದು ಎಲ್ಲರೂ ಗಮನಿಸಬೇಕು. ನನ್ನ ಮೀಟರು ಜೋರಾಗಿ ಓಡುತ್ತದೆ ಎಂಬ ಅನುಮಾನ ಮೊದಲಿನಿಂದಲೂ ಇತ್ತು.

ನಿವೃತ್ತ ಲೈನ್‌ಮನ್: ಮೂವತ್ತೊಂದು ವರ್ಷ ಕಂಬ ಹತ್ತಿದ್ದೇನೆ, ಇಷ್ಟು ಸುಸ್ತಾಗಿರಲಿಲ್ಲ.

ಜಗಳೂರು ಜೋಳ: ನಿನ್ನೆ ಸಭೆ ಮುಗಿಯಿತು. ಬಲ್ಬಿನವರು ಸೋಲಾರಿಗೆ ಒಪ್ಪಲಿಲ್ಲ, ಸೋಲಾರಿನವರು ಬಲ್ಬಿಗೆ ಒಪ್ಪಲಿಲ್ಲ. ದೇವಸ್ಥಾನದ ಮುಂದೆ ಒಂದು ಫ್ಲಡ್‌ಲೈಟು ಹಾಕಿಸುವುದೆಂದು ತೀರ್ಮಾನವಾಗಿದೆ.

ನಿವೃತ್ತ ಲೈನ್‌ಮನ್: ಎಷ್ಟು ವಾಟು? ಯಾರ ಮೀಟರಿಗೆ?

ಬೆಣ್ಣೆ ದೋಸೆ 17: ಎಲ್‌ಇಡಿಯೇ ತಾನೇ? ರಾತ್ರಿಯೆಲ್ಲ ಉರಿಸಿ. ಕರೆಂಟು ಏನೂ ಆಗುವುದಿಲ್ಲ.